ಬೇರೆಯವರು ಹಾಕಿದ ಬಟ್ಟೆ ನಮ್ಮ ಮಕ್ಕಳು ಹಾಕಬಹುದಾ?

ಪ್ರಶ್ನೆ: ಮಗಳು 9ನೇ ಕ್ಲಾಸು. ಅವರ ಸ್ಕೂಲಿನ ಇಕೋ ಕ್ಲಬ್‌ನಲ್ಲಿ ಸೆಕೆಂಡ್ ಹ್ಯಾಂಡ್ ಬಟ್ಟೆ ಕೊಳ್ಳೋದರ ಬಗ್ಗೆ ಚರ್ಚೆ ನಡೀತಿದೆ. ಈಗ ಮನೆಗೆ ಬಂದು, ಇನ್ಮೇಲೆ ಹೊಸದು ಬೇಡ, ಹಳೇದೇ ಕೊಡಿಸು ಅಂತಾಳೆ. ನಮ್ಮ ಅತ್ತೆ ಒಪ್ಪೋದಿಲ್ಲ, "ಯಾರು ಹಾಕಿದ್ದೋ ಏನೋ" ಅಂತಾರೆ. ನನಗೆ ಚರ್ಮದ ಕಾಯಿಲೆ ಬಂದರೆ ಅನ್ನೋ ಭಯ. ಹಾಕಬಹುದಾ? ಇದರಿಂದ ನಿಜವಾಗಲೂ ಏನಾದರೂ ಉಪಯೋಗ ಇದೆಯಾ?

ಉತ್ತರ: ಹಾಕಬಹುದು. ತೊಳೆದು, ಚೆನ್ನಾಗಿ ಒಣಗಿಸಿ, ಇಸ್ತ್ರಿ ಮಾಡಿ ಧಾರಾಳವಾಗಿ ಹಾಕಬಹುದು. ಉಪಯೋಗವೂ ಇದೆ. ಆದರೆ ಹೊಸ ಬಟ್ಟೆಯ ಬದಲಿಗೆ ಹಳೇದು ತಗೊಂಡರೆ ಮಾತ್ರ ಉಪಯೋಗ. ಹೊಸದೂ ಇರಲಿ ಇದೂ ಇರಲಿ ಅಂತ ತಗೊಂಡರೆ ಬೀರು ತುಂಬುತ್ತದೆ ಅಷ್ಟೇ. ಇನ್ನು ನಿಮ್ಮ ಅತ್ತೆಯವರ ಮಾತು. ಹಳೇ ಕಾಲದವರು ಅಂತ ಅದನ್ನು ತಳ್ಳಿಹಾಕಬೇಡಿ. ಆ ಮಾತಿನ ಹಿಂದೆ ಇರುವ ಒಂದು ಸಂಗತಿಯನ್ನು ಕ್ಲಬ್ಬಿನ ಮಕ್ಕಳೂ ಟೀಚರೂ ಗಮನಿಸಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಮೊದಲು ನಿಮ್ಮ ಭಯದ ವಿಷಯ ಮುಗಿಸಿಬಿಡೋಣ.

ಕಜ್ಜಿ ಬರಿಸುವ ಹುಳ ಮನುಷ್ಯರ ಮೈ ಬಿಟ್ಟು ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ತಲೆಹೇನು ಅದಕ್ಕೂ ಮುಂಚೆ ಸಾಯುತ್ತದೆ. ಬಟ್ಟೆಯ ಹೊಲಿಗೆಯಲ್ಲಿ ಕೂರುವ ಮೈಹೇನಿಗೆ ರಕ್ತ ಸಿಗದಿದ್ದರೆ ಒಂದು ವಾರವೇ ಜಾಸ್ತಿ. ಮೊಟ್ಟೆಯ ಲೆಕ್ಕವನ್ನೂ ಸೇರಿಸಿದರೆ, ಗಂಟು ಕಟ್ಟಿಟ್ಟು ಎರಡು ವಾರ ಕಳೆದ ಬಟ್ಟೆಯಲ್ಲಿ ಇವು ಉಳಿದಿರುವ ಸಂಭವ ತೀರಾ ಕಡಿಮೆ. ನಿಜವಾಗಿ ಹುಷಾರಾಗಿರಬೇಕಾದ್ದು ಹುಳುಕಡ್ಡಿಗೆ, ಯಾಕೆಂದರೆ ಆ ಶಿಲೀಂಧ್ರದ ಕಣಗಳು ಬಟ್ಟೆಯಲ್ಲಿ ತಿಂಗಳುಗಟ್ಟಲೆ ಇರಬಲ್ಲವು, ತಣ್ಣೀರಿನಲ್ಲಿ ಸುಮ್ನೆ ಅದ್ದಿ ತೆಗೆದರೆ ಹೋಗುವುದಿಲ್ಲ. ಅದಕ್ಕೆ 60 ಡಿಗ್ರಿ ಬಿಸಿನೀರು ಬೇಕು. ವಾಷಿಂಗ್ ಮೆಷಿನ್ ಇದ್ದರೆ ಆ ಬಿಸಿಗೆ ಇಡಿ, ಇಲ್ಲದಿದ್ದರೆ ಕೈ ಇಡಲಾಗದಷ್ಟು ಬಿಸಿ ನೀರಿಗೆ ಸೋಪಿನ ಪುಡಿ ಹಾಕಿ ನೆನೆಸಿ. ತೊಳೆದ ಮೇಲೆ ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಇಸ್ತ್ರಿ ಮಾಡುವಾಗ ಹೊಲಿಗೆಯ ಸಾಲುಗಳ ಮೇಲೆ ಚೆನ್ನಾಗಿ ಒತ್ತಿ. ತಿಗಣೆ ಊಟವಿಲ್ಲದೆ ತಿಂಗಳುಗಟ್ಟಲೆ ಇರುತ್ತದೆ, ಹಾಗಾಗಿ ಕಾಲರಿನ ಕೆಳಗೆ, ಪಟ್ಟಿಯ ಒಳಗೆ ಕಪ್ಪು ಚುಕ್ಕಿ ಕಂಡರೆ ಆ ಬಟ್ಟೆ ಬೇಡವೇ ಬೇಡ. ಬಿಸಿನೀರು ತಡೆಯದ ಬಟ್ಟೆ, ಒಳಉಡುಪು, ಸಾಕ್ಸು, ಈಜುವ ಬಟ್ಟೆ ಇವನ್ನೂ ಬಿಟ್ಟುಬಿಡಿ.

ಮನೆಯಲ್ಲಿ ಹಸುಗೂಸು ಇದ್ದರೆ ಇನ್ನೊಂದು ಮಾತು. ನುಸಿಗುಳಿಗೆ ಹಾಕಿಟ್ಟ ಹಳೇ ಬಟ್ಟೆಯನ್ನು ಹಾಗೇ ತೆಗೆದು ಮಗುವಿಗೆ ತೊಡಿಸಬೇಡಿ. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವ ಮಕ್ಕಳಿಗೆ ಆ ಗುಳಿಗೆಯಲ್ಲಿರುವ ನ್ಯಾಫ್ತಲೀನ್‌ನಿಂದ ರಕ್ತದ ಕೆಂಪು ಕಣಗಳು ಒಡೆದು ಕಾಮಾಲೆ ಬರಬಹುದು. ಮಗುವಿಗೆ ಈ ಕೊರತೆ ಇದೆ ಅನ್ನೋದು ಎಷ್ಟೋ ಸಲ ಮನೆಯವರಿಗೆ ಗೊತ್ತೇ ಇರುವುದಿಲ್ಲ.

ಹೊಸ ಬಟ್ಟೆಯನ್ನೂ ತೊಳೆಯದೆ ಹಾಕಬಾರದು, ಅಲ್ವಾ? ಸುಕ್ಕಾಗದಿರಲಿ ಅಂತ ಹಾಕುವ ರಾಸಾಯನಿಕ, ಉಳಿದ ಬಣ್ಣ ಎಲ್ಲ ಅದರಲ್ಲೇ ಇರುತ್ತದೆ. ಹತ್ತಾರು ಸಲ ಒಗೆದ ಬಟ್ಟೆಯಲ್ಲಿ ಅವು ಬಹುಪಾಲು ಹೋಗಿರುತ್ತವೆ. ನಮ್ಮ ಕಡೆ ಬಾಣಂತನದ ಮನೆಯಲ್ಲಿ ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಹಾಕದೆ, ಅಜ್ಜಿಯ ಮೆತ್ತನೆ ಹತ್ತಿ ಸೀರೆಯಲ್ಲೇ ಸುತ್ತುತ್ತಿದ್ದರು, ಅಣ್ಣ ಅಕ್ಕನ ಅಂಗಿಯನ್ನೇ ತೊಡಿಸುತ್ತಿದ್ದರು. ನಿಮ್ಮ ಅತ್ತೆಯವರೂ ಮಾಡಿರುತ್ತಾರೆ, ಕೇಳಿ ನೋಡಿ.

ಈಗ ಉಪಯೋಗದ ಮಾತು. ಒಂದು ಹತ್ತಿ ಟೀ ಶರ್ಟಿಗೆ ಸುಮಾರು 2,700 ಲೀಟರ್ ನೀರು ಬೇಕು ಅನ್ನುವ ಅಂದಾಜನ್ನು ಕ್ಲಬ್ಬಿನ ಚಾರ್ಟಿನಲ್ಲಿ ಬರೆದೇ ಇರುತ್ತಾರೆ. ಅದರಲ್ಲಿ ಹೊಲಕ್ಕೆ ಬಿದ್ದ ಮಳೆಯ ನೀರೂ ಸೇರಿದೆ, ಊರಿಂದೂರಿಗೆ ಲೆಕ್ಕ ಬದಲಾಗುತ್ತದೆ ಅನ್ನೋದನ್ನು ಮಾತ್ರ ಬರೆಯುವುದಿಲ್ಲ. ಮಕ್ಕಳಿಗೆ ಅಂಕಿಗಿಂತ ತಮಿಳುನಾಡಿನ ತಿರುಪ್ಪೂರಿನ ಕಥೆ ಹೇಳಿದರೆ ಬೇಗ ಅರ್ಥವಾಗುತ್ತದೆ. ನಾವು ಹಾಕುವ ಬನಿಯನ್, ಟೀ ಶರ್ಟುಗಳಲ್ಲಿ ಬಹಳಷ್ಟು ಅಲ್ಲಿಂದ ಬರುತ್ತವೆ. ಆ ಊರಿನ ನೊಯ್ಯಲ್ ಹೊಳೆ ಕಾವೇರಿಗೆ ಸೇರುತ್ತದೆ. ಬಣ್ಣ ಹಾಕುವ ಘಟಕಗಳ ಉಪ್ಪು ನೀರು, ಬಣ್ಣದ ನೀರು ವರ್ಷಾನುಗಟ್ಟಲೆ ಆ ಹೊಳೆಗೇ ಹರಿದು, ಕೆಳಗಿನ ಒರತ್ತುಪಾಳ್ಯಂ ಅಣೆಕಟ್ಟಿನಲ್ಲಿ ನಿಂತು, ಯಾವ ರೈತರಿಗಾಗಿ ಅಣೆಕಟ್ಟು ಕಟ್ಟಿದ್ದರೋ ಅದೇ ರೈತರು ಆ ನೀರು ಬೇಡ ಅಂತ ಕೋರ್ಟಿಗೆ ಹೋಗುವ ಸ್ಥಿತಿ ಬಂತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆ ಘಟಕಗಳನ್ನು ಮುಚ್ಚಿಸಿತು. ಕೊಳಕು ನೀರನ್ನು ಶುದ್ಧಮಾಡಿ ಮತ್ತೆ ಬಳಸುವ ವ್ಯವಸ್ಥೆ ಅಲ್ಲಿ ಗಟ್ಟಿಯಾಗಿದ್ದು ಆ ಪೆಟ್ಟು ಬಿದ್ದ ಮೇಲೆ.

ಇನ್ನು ಸ್ಕೂಲ್ ಯೂನಿಫಾರ್ಮಿನ ಬಟ್ಟೆ. ಅದು ಹೆಚ್ಚಾಗಿ ಪಾಲಿಯೆಸ್ಟರ್ ಮತ್ತು ಹತ್ತಿಯ ಮಿಶ್ರಣ. ಎರಡು ನೂಲು ಬೆರೆತ ಬಟ್ಟೆಯನ್ನು ಬಿಡಿಸಿ ಮತ್ತೆ ಹೊಸ ಬಟ್ಟೆ ಮಾಡೋದು ಬಹಳ ಕಷ್ಟ. ಹರಿಯಾಣದ ಪಾಣಿಪತ್‌ನಲ್ಲಿ ದೇಶವಿದೇಶದ ಹಳೇ ಬಟ್ಟೆಯನ್ನು ಚಿಂದಿ ಮಾಡಿ ನೂಲು ತೆಗೆಯುತ್ತಾರೆ. ಆದರೆ ಅದರಿಂದ ಬರುವುದು ಕಂಬಳಿ, ನೆಲಹಾಸಿನಂಥ ಒರಟು ವಸ್ತು, ಅಂಗಿ ಮತ್ತೆ ಅಂಗಿಯಾಗಿ ಬರುವುದಿಲ್ಲ. ಹಾಗಾಗಿ ಅಂಗಿಯನ್ನು ಅಂಗಿಯಾಗೇ ಇನ್ನೊಬ್ಬ ಹುಡುಗ ಎರಡು ವರ್ಷ ಹಾಕಿಕೊಂಡರೆ ಅದಕ್ಕಿಂತ ಒಳ್ಳೆಯ ಮರುಬಳಕೆ ಇನ್ನೊಂದಿಲ್ಲ.

ಮಗಳು "ಹಳೇದೇ ಕೊಡಿಸು" ಅಂದಾಗ ನೀವು ಕೇಳಬೇಕಾದ ಪ್ರಶ್ನೆ ಒಂದೇ. ಇದು ಸಿಗದಿದ್ದರೆ ಹೊಸದು ತಗೊಳ್ತಿದ್ದೆಯಾ? ಹೌದು ಅಂದರೆ ಕೊಡಿಸಿ. ಇನ್‌ಸ್ಟಾಗ್ರಾಂನಲ್ಲಿ ಥ್ರಿಫ್ಟ್ (ಹಳೇ ಬಟ್ಟೆ ಮಾರಾಟ) ಅಂತ ಹೆಸರಿಟ್ಟುಕೊಂಡು ಮಾರುವ ಪುಟಗಳು ಈಗ ಬಹಳ. ಕಡಿಮೆ ಬೆಲೆ, ಒಂದೇ ಪೀಸು, ತಪ್ಪಿಸಿಕೊಂಡರೆ ಮತ್ತೆ ಸಿಗಲ್ಲ ಅನ್ನುವ ಅವಸರ. ಆ ಅವಸರದಲ್ಲಿ ಬೇಡದ ಐದು ಟಾಪು ಮನೆಗೆ ಬಂದರೆ ಹೊಳೆಯೂ ಉಳಿಯಲಿಲ್ಲ, ದುಡ್ಡೂ ಉಳಿಯಲಿಲ್ಲ. ಕೆಲವರು ಮಾರುವುದು ಹಾಕಿದ ಬಟ್ಟೆಯೇ ಅಲ್ಲ, ಎಕ್ಸ್‌ಪೋರ್ಟ್‌ನಲ್ಲಿ ಮಿಕ್ಕ ಹೊಸ ಮಾಲು. ಅದು ತಪ್ಪು ಅಂತ ನಾನು ಹೇಳುತ್ತಿಲ್ಲ, ಆದರೆ ಏನು ಕೊಳ್ಳುತ್ತಿದ್ದೇವೆ ಅಂತ ಗೊತ್ತಿರಬೇಕು. ಅಂಕಲ್, ಆಂಟಿ ಅಂತ ಮೆಸೇಜು ಮಾಡಿ ಮಕ್ಕಳೇ ದುಡ್ಡು ಕಳಿಸುವುದು ಬೇಡ, ಆ ಕೆಲಸ ನೀವೇ ಮಾಡಿ.

ಹಳೇ ಬಟ್ಟೆ ವ್ಯಾಪಾರ ಇನ್‌ಸ್ಟಾಗ್ರಾಂನಿಂದ ಶುರುವಾಗಿದ್ದೂ ಅಲ್ಲ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುತ್ತೇವೆ ಅಂತ ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದ ಹೆಂಗಸರು ನೆನಪಿದ್ದಾರಾ? ಅವರು ಕೊಂಡುಹೋದ ಪ್ಯಾಂಟು ಶರ್ಟು ಒಗೆದು, ಹರಿದಲ್ಲಿ ಹೊಲಿದು, ಸಂತೆಗಳಲ್ಲಿ ಕೂಲಿ ಮಾಡುವವರಿಗೆ ಮಾರಾಟವಾಗುತ್ತಿತ್ತು. ಬೆಂಗಳೂರಿನ ಚಿಕ್ಕಪೇಟೆ ಹತ್ತಿರದ ಸಂಡೇ ಬಜಾರ್‌ನಲ್ಲಿ ಹಳೇ ಬಟ್ಟೆ ಕೊಂಡು ಹಾಕಿ ಬದುಕು ಕಟ್ಟಿಕೊಂಡವರು ಎಷ್ಟೋ ಜನ. ಅವರು ಪರಿಸರದ ಹೆಸರು ಹೇಳಲಿಲ್ಲ, ಅವರಿಗೆ ಬೇರೆ ದಾರಿ ಇರಲಿಲ್ಲ.

ಇಲ್ಲಿಗೆ ನಿಮ್ಮ ಅತ್ತೆಯವರ ಮಾತು ಬರುತ್ತದೆ. "ಯಾರು ಹಾಕಿದ್ದೋ" ಅನ್ನುವುದರಲ್ಲಿ ಒಂದು ಪಾಲು ಶುಚಿಯ ಚಿಂತೆ, ಅದು ಬಿಸಿನೀರಿಗೆ ಹೋಗುತ್ತದೆ. ಇನ್ನೊಂದು ಪಾಲು ಮಡಿ ಮೈಲಿಗೆ. ಅದಕ್ಕೆ ನಾನು ಮರ್ಯಾದೆ ಕೊಡಲಾರೆ, ಮಗಳ ಮುಂದೆ ಅದನ್ನು ಒಪ್ಪಿಕೊಳ್ಳಬೇಡಿ ಅಂತಲೇ ಹೇಳುತ್ತೇನೆ. ಆದರೆ ಮೂರನೆಯದು ಒಂದಿದೆ, ಎಷ್ಟೋ ಮನೆಗಳ ಹಿರಿಯರ ಬಾಯಲ್ಲಿ ಬರುವುದು ಅದೇ: ನಮ್ಮ ಮಕ್ಕಳು ಇನ್ನೊಬ್ಬರು ಬಿಟ್ಟ ಬಟ್ಟೆ ಹಾಕುವ ಗತಿ ಬರಬಾರದು. ನಮ್ಮ ಹಳ್ಳಿಗಳಲ್ಲಿ ಹಳೇ ಬಟ್ಟೆ ಅನ್ನುವುದು ಧಣಿಗಳ ಮನೆಯಿಂದ ಆಳಿನ ಮನೆಗೆ, ಮೇಲಿನಿಂದ ಕೆಳಕ್ಕೆ ಮಾತ್ರ ಹೋಗುತ್ತಿತ್ತು. ಚಂಡಾಲರ ಉಡುಪು ಸತ್ತವರ ಬಟ್ಟೆಯೇ ಆಗಿರಬೇಕು ಅಂತ ಮನುಸ್ಮೃತಿಯ 10ನೇ ಅಧ್ಯಾಯ ಬರೆದಿಟ್ಟಿದೆ. 1927ರಲ್ಲಿ ಮಹಾರಾಷ್ಟ್ರದ ಮಹಾಡ್‌ನಲ್ಲಿ ಅಂಬೇಡ್ಕರ್ ಅವರು ದಲಿತ ಹೆಣ್ಣುಮಕ್ಕಳಿಗೆ ಜಾತಿ ಗುರುತು ಹೇಳುವ ಉಡುಗೆ ಬಿಡಿ, ಎಲ್ಲರಂತೆ ಸೀರೆ ಉಡಿ ಅಂತ ಹೇಳಿದ್ದು ಸುಮ್ನೆ ಅಲ್ಲ. ಎಷ್ಟೋ ಕುಟುಂಬಗಳಲ್ಲಿ ಹಬ್ಬಕ್ಕೆ ಒಂದು ಜೊತೆ ಹೊಸ ಬಟ್ಟೆ ಕೊಡಿಸುವ ಶಕ್ತಿ ಬಂದಿರುವುದೇ ಈ ಒಂದೆರಡು ತಲೆಮಾರಿನಲ್ಲಿ. ಅಂಥ ಮನೆಯ ಮಗುವಿಗೆ ಕ್ಲಬ್ಬಿನಲ್ಲಿ ಯಾರಾದರೂ "ಹೊಸ ಬಟ್ಟೆ ಯಾಕೆ ತಗೊಂಡೆ" ಅಂತ ಕೇಳಿದರೆ ಆ ಮಗುವಿಗೆ ಹೇಗಾಗಬೇಡ? ಬೀರು ತುಂಬಾ ಬಟ್ಟೆ ಇರುವವರು ಹಳೇದು ಹಾಕಿದರೆ ಅದು ಅವರ ಆಯ್ಕೆ. ಬೇರೆ ಇಲ್ಲದವರು ಹಾಕಿದರೆ ಅದನ್ನು ಜನ ಬಡತನ ಅಂತಲೇ ನೋಡುತ್ತಾರೆ. ಇದೇ ವಿಷಯದ ಮೇಲೆ ಕ್ಲಬ್ಬು ಒಂದು ಪೂರ್ತಿ ಪೀರಿಯಡ್ ಮಾತಾಡಲಿ.

ಹಾಗಾದರೆ ಕ್ಲಬ್ಬು ಏನು ಮಾಡಬಹುದು? ನನ್ನ ಸಲಹೆ, ದಾನದ ಡಬ್ಬಿ ಇಡಬೇಡಿ, ಅದಲು ಬದಲು ಮಾಡಿ. ಕೊಡುವವರೂ ತಗೊಳ್ಳುವವರೂ ಅದೇ ಮಕ್ಕಳಾಗಿರಬೇಕು. ಯೂನಿಫಾರ್ಮಿನಿಂದ ಶುರು ಮಾಡಿದರೆ ಸುಲಭ, ಎಲ್ಲರದ್ದೂ ಒಂದೇ ಬಣ್ಣ, ಯಾರದ್ದು ಹಳೇದು ಯಾರದ್ದು ಹೊಸದು ಅಂತ ಗೊತ್ತೂ ಆಗುವುದಿಲ್ಲ. ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಸಮವಸ್ತ್ರ ಉಚಿತ. ಖಾಸಗಿ ಶಾಲೆಯ ಅಪ್ಪ ಅಮ್ಮಂದಿರಿಗೆ ಜೂನ್ ಬಂತೆಂದರೆ ಫೀಸು, ಪುಸ್ತಕದ ಜೊತೆಗೆ ಇದೂ ಒಂದು ದೊಡ್ಡ ಖರ್ಚು, ಅದರಲ್ಲೂ ಬ್ಲೇಜರು, ಸ್ವೆಟರು, ಸ್ಪೋರ್ಟ್ಸ್ ಡ್ರೆಸ್ಸು ಒಂದು ವರ್ಷಕ್ಕೇ ಗಿಡ್ಡವಾಗಿಬಿಡುತ್ತವೆ, ಸವೆದೇ ಇರುವುದಿಲ್ಲ.

ಎಲ್ಲರೂ ಮನೆಯಲ್ಲಿ ಒಗೆದು ಇಸ್ತ್ರಿ ಮಾಡಿ ತರಲಿ. ಹೆಸರು ಬರೆದ ಪಟ್ಟಿ, ಕಸೂತಿ ಹಾಕಿದ ಇನಿಷಿಯಲ್ ಬಿಚ್ಚಿರಲಿ. ಯಾರು ಯಾವುದು ತಂದರು ಅಂತ ಎಲ್ಲೂ ಬರೆದಿಡಬೇಡಿ. ಅಂಗಡಿಯವರು ಹಾಕುವ 28, 30, 32 ಅಳತೆಯಲ್ಲೇ ಬೇರೆ ಬೇರೆ ಗುಡ್ಡೆ ಮಾಡಿ. ತಂದವರಿಗೂ ತರದವರಿಗೂ ಬಟ್ಟೆ ಆರಿಸಿಕೊಳ್ಳುವ ಚೀಟಿ ಕೊಡಿ, ತರದ ಮಗುವಿಗೆ ಬೇಕಾದ್ದು ಸಿಗಲಿ, ಆ ಮಗು ಗುಂಡಿ ಹಾಕುವುದಕ್ಕೋ ಮಡಚುವುದಕ್ಕೋ ಎಲ್ಲರ ಜೊತೆ ಕೂರಲಿ. ಮೊದಲು ಆರಿಸುವ ಸರದಿ ಟೀಚರ್‌ಗಳ ಮಕ್ಕಳಿಗೂ ಕ್ಲಬ್ಬಿನ ಪದಾಧಿಕಾರಿಗಳಿಗೂ ಸಿಗಲಿ. ಅವರು ಎಲ್ಲರೆದುರು ಹಳೇ ಸ್ವೆಟರು ತಗೊಂಡರೆ ಉಳಿದವರ ಸಂಕೋಚ ಅರ್ಧ ಹೋಗುತ್ತದೆ. ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುವುದನ್ನು ದಯವಿಟ್ಟು ಮಾಡಬೇಡಿ.

ಆರಿಸುವಾಗ ಕಂಕುಳು, ಕಾಲರು, ಪ್ಯಾಂಟಿನ ತೊಡೆಸಂದು ನೋಡಬೇಕು. ಬೆಳಕಿಗೆ ಹಿಡಿದರೆ ಸವೆದಿರುವುದು ಗೊತ್ತಾಗುತ್ತದೆ. ಕೆಳಗಿನ ಒಳಮಡಿಕೆ ದೊಡ್ಡದಿದ್ದರೆ ಬಿಚ್ಚಿ ಉದ್ದ ಮಾಡಬಹುದು. ಊರಿನ ಟೈಲರ್ ಒಬ್ಬರನ್ನು ಒಂದು ಮಧ್ಯಾಹ್ನ ಸ್ಕೂಲಿಗೆ ಕರೆದು, ಅವರಿಗೆ ಸರಿಯಾದ ಕೂಲಿ ಕೊಟ್ಟು, ಜಿಪ್ಪು ಬದಲಾಯಿಸುವುದು, ಸೊಂಟ ಬಿಗಿ ಮಾಡುವುದು ಹೇಗೆ ಅಂತ ಮಕ್ಕಳಿಗೆ ತೋರಿಸಲು ಹೇಳಿದರೆ ಎಷ್ಟು ಚೆನ್ನ.

ಬೆಂಗಳೂರಿನಂಥ ಊರಲ್ಲಿ ಯಾವುದಾದರೂ ಮಗುವಿನಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: ಎಲ್ಲರೂ ಹಳೇದು ಹಾಕಿದರೆ ಗಾರ್ಮೆಂಟ್ಸ್‌ಗೆ ಹೋಗುವ ನಮ್ಮಮ್ಮನ ಕೆಲಸದ ಗತಿ ಏನು? ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಫ್ಯಾಕ್ಟರಿಗಳಲ್ಲಿ ಲಕ್ಷಾಂತರ ಹೆಣ್ಣುಮಕ್ಕಳು ದುಡಿಯುತ್ತಾರೆ. ಈ ಪ್ರಶ್ನೆಯನ್ನು ಟೀಚರ್ ಹಾರಿಸಬಾರದು. ಅಲ್ಲಿ ಹೊಲಿದದ್ದು ಬಹುಪಾಲು ಹೊರದೇಶಕ್ಕೆ ಹೋಗುತ್ತದೆ, ಒಂದು ಸ್ಕೂಲಿನ ಸ್ವೆಟರು ಬದಲಾದರೆ ಆ ಕೆಲಸಕ್ಕೆ ಏನೂ ಆಗುವುದಿಲ್ಲ. ಅಮ್ಮನಿಗೆ ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್ ಹಾಕುವುದು, ಸಂಬಳ ಏರದಿರುವುದು, ಇದರ ಹಿಂದೆ ಬಟ್ಟೆ ಅಗ್ಗವಾಗಿ, ಬೇಗ, ಜಾಸ್ತಿ ಬೇಕು ಅನ್ನುವ ಕೊಳ್ಳುವವರ ಹಟವೂ ಇದೆ. ಕಡಿಮೆ ಬಟ್ಟೆ, ಗಟ್ಟಿ ಬಟ್ಟೆ, ಹೊಲಿದವರಿಗೆ ಸರಿಯಾದ ಸಂಬಳ ಅಂತ ಕೇಳುವುದು ಆ ಅಮ್ಮನ ವಿರುದ್ಧದ ಮಾತಾಗುವುದಿಲ್ಲ. ಆದರೂ ದೇಶ ದೇಶಗಳಲ್ಲೇ ಎಲ್ಲರೂ ಕೊಳ್ಳುವುದು ಕಡಿಮೆ ಮಾಡಿದರೆ ಮೊದಲು ಪೆಟ್ಟು ಬೀಳುವುದು ಅವರಿಗೇ, ಅದಕ್ಕೆ ಸುಲಭದ ಉತ್ತರ ಇಲ್ಲ. ಹಾಗಂತಲೇ ಮಕ್ಕಳಿಗೆ ಹೇಳಿ, ಅವರು ಅದನ್ನು ತಡೆದುಕೊಳ್ಳುತ್ತಾರೆ.

ಅದಲು ಬದಲಾದ ಮೇಲೂ ಬಟ್ಟೆ ಮಿಗುತ್ತದೆ. ಹಾಕುವಂತಿದ್ದರೆ ಗೂಂಜ್‌ನಂಥ ಸಂಸ್ಥೆಗೆ ಕೊಡಬಹುದು. 1999ರಲ್ಲಿ ಅಂಶು ಗುಪ್ತಾ ಶುರು ಮಾಡಿದ ಸಂಸ್ಥೆ ಅದು, 2015ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲಿಯ ಕ್ರಮ ನನಗೆ ಇಷ್ಟ. ಹಳ್ಳಿಯವರು ತಮ್ಮೂರಿಗೆ ಬೇಕಾದ ಕೆಲಸ ತಾವೇ ಆರಿಸಿಕೊಂಡು ಬಾವಿ ತೋಡುತ್ತಾರೆ, ಕೆರೆ ಸ್ವಚ್ಛ ಮಾಡುತ್ತಾರೆ, ಬಟ್ಟೆ ಅದಕ್ಕೆ ಸಿಗುವ ಪ್ರತಿಫಲ. ಹರಿದ ಹತ್ತಿ ಬಟ್ಟೆ ಕೌದಿಗೆ ಆಗುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಇನ್ನೂ ಹೊಲಿಯುತ್ತಾರೆ, ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳ ಕೌದಿಯಂತೂ ಈಗ ದೂರದೂರದ ಪ್ರದರ್ಶನಗಳಿಗೆ ಹೋಗುತ್ತದೆ. ಕೊಳಕಾದದ್ದು, ಗುಂಡಿ ಕಿತ್ತದ್ದು, ಯಾರೂ ಹಾಕಲಾಗದ್ದು ಇವನ್ನು ಮಾತ್ರ ದಾನದ ಹೆಸರಲ್ಲಿ ಯಾರಿಗೂ ದಾಟಿಸಬೇಡಿ, ನೆಲ ಒರೆಸಲು ಇಟ್ಟುಕೊಳ್ಳಿ.

ಇದನ್ನೆಲ್ಲ ಮಗಳ ಜೊತೆ ಕೂತು ಮಾತಾಡಿ, ಕ್ಲಬ್ಬಿನ ಟೀಚರ್‌ಗೂ ಹೇಳಿ. ವಾರ್ಷಿಕ ಪರೀಕ್ಷೆ ಮುಗಿದ ವಾರವೇ ಬಟ್ಟೆ ಸೇರಿಸಲು ಶುರು ಮಾಡುವುದು ಒಳ್ಳೆಯದು. ಜೂನ್‌ವರೆಗೆ ಕಾದರೆ ಅಷ್ಟರಲ್ಲಿ ಎಲ್ಲರೂ ಹೊಸದು ತಂದುಬಿಟ್ಟಿರುತ್ತಾರೆ.