ನಾಳೆಯ ಮಳೆಯನ್ನೇ ಹೇಳಲಾರದವರು ಐವತ್ತು ವರ್ಷದ ಮಾತು ಹೇಳುವುದು ಹೇಗೆ?

ಓದುಗರ ಪ್ರಶ್ನೆ: ರೆಡ್ ಅಲರ್ಟ್ ಬಂದ ದಿನ ನಮ್ಮ ಸೋಮವಾರಪೇಟೆ ಕಡೆ ಬಿಸಿಲು ಕಾಯುವುದುಂಟು. ಹೀಗಿರುವಾಗ ಹವಾಮಾನ ಬದಲಾವಣೆಯ ಬಗ್ಗೆ ವಿಜ್ಞಾನಿಗಳು ಹೇಳುವುದನ್ನು ನಾವು ಬೆಳೆಗಾರರು ನಂಬುವುದು ಹೇಗೆ?

ಉತ್ತರ: ಈ ಪ್ರಶ್ನೆ ಕೊಡಗಿನಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಇದರಲ್ಲಿ ಕೇಳುವವರ ತಪ್ಪಿಗಿಂತ ಹೇಳುವವರ ತಪ್ಪೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಮೊದಲ ತೊಡಕು ಪದದಲ್ಲಿಯೇ ಇದೆ. ಇಂದು, ನಾಳೆಯ ಮಳೆ ಬಿಸಿಲಿಗೆ ‘ಹವಾಮಾನ’ ಎಂದೂ, ಹಲವು ದಶಕಗಳ ಸರಾಸರಿ ಸ್ವಭಾವಕ್ಕೆ ‘ವಾಯುಗುಣ’ ಎಂದೂ ನಮ್ಮ ಶಾಲಾ ಪುಸ್ತಕಗಳು ಬೇರ್ಪಡಿಸಿ ಕಲಿಸಿದ್ದವು. ಆದರೆ ವಾಯುಗುಣದ ಬದಲಾವಣೆಯನ್ನು ‘ಹವಾಮಾನ ಬದಲಾವಣೆ’ ಎಂದೇ ಕರೆಯುವ ರೂಢಿ ಬೆಳೆದುದರಿಂದ, ನಾಳೆಯ ಮುನ್ಸೂಚನೆ ತಪ್ಪಿದಾಗಲೆಲ್ಲ ಐವತ್ತು ವರ್ಷದ ಮಾತಿನ ಮೇಲಿನ ನಂಬಿಕೆಯೂ ಕುಸಿಯುತ್ತದೆ. ವ್ಯತ್ಯಾಸ ನಮ್ಮ ಮನೆಯಂಗಳದಲ್ಲಿಯೇ ಇದೆ: ಮನೆಯ ಮಾಡನ್ನು ಎಷ್ಟು ಇಳಿಜಾರಾಗಿ ಕಟ್ಟಬೇಕೆಂಬುದು ವಾಯುಗುಣದ ಲೆಕ್ಕ, ಕಣದಲ್ಲಿ ಹರಡಿದ ಕಾಫಿಗೆ ಇಂದು ಸಂಜೆ ಟಾರ್ಪಾಲು ಹೊದಿಸಬೇಕೇ ಎಂಬುದು ಹವಾಮಾನದ ಲೆಕ್ಕ. ಕಾಫಿಯ ಹೂ ಅರಳಿಸುವ ಹೂಮಳೆ ಯಾವ ದಿನ ಬೀಳುತ್ತದೆಂದು ತಿಂಗಳ ಮೊದಲೇ ಯಾರೂ ಹೇಳಲಾರರು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳಾದ ಕಕ್ಕಡದಲ್ಲಿ ಮಳೆ ಹಿಡಿಯುತ್ತದೆ ಎನ್ನಲು ಮಾತ್ರ ಯಾವ ಉಪಗ್ರಹವೂ ಬೇಕಿಲ್ಲ.

ಎರಡನೆಯ ತೊಡಕು ಅಳತೆಯದು. ಭೂಮಿಯ ಸರಾಸರಿ ಉಷ್ಣತೆ 19ನೇ ಶತಮಾನದ ಉತ್ತರಾರ್ಧಕ್ಕೆ ಹೋಲಿಸಿದರೆ 2011ರಿಂದ 2020ರ ದಶಕದಲ್ಲಿ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿತ್ತು. ಮಡಿಕೇರಿಯ ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ಇರುವ ಅಂತರವನ್ನು ಕಂಡವರಿಗೆ ಇದು ಲೆಕ್ಕಕ್ಕೇ ಬಾರದ ಸಂಖ್ಯೆಯಾಗಿ ತೋರಿದರೆ ಆಶ್ಚರ್ಯವಿಲ್ಲ. ಅದರ ಬದಲು, ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು, ಆದ್ದರಿಂದ ಮಳೆ ಬಂದಾಗ ಒಮ್ಮೆಲೇ ಸುರಿಯುವ ಸಾಧ್ಯತೆ ಹೆಚ್ಚುತ್ತದೆ ಎಂದು ವಿವರಿಸಿದರೆ ವಿಷಯ ತೋಟದೊಳಗೆ ಬರುತ್ತದೆ. ಅದನ್ನೂ ಮಿಲಿಮೀಟರಿನಲ್ಲಿ ಹೇಳಬೇಕಾಗಿಲ್ಲ. ಇಲ್ಲಿಯ ತೋಟಗಳಲ್ಲಿ ಮಳೆಯ ಲೆಕ್ಕ ಇಂಚು ಮತ್ತು ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಪಾಲು) ನಡೆಯುತ್ತದೆ. ಒಂದೇ ದಿನ 204.4 ಮಿ.ಮೀ. ಮೀರಿದರೆ ‘ಅತ್ಯಂತ ಭಾರಿ ಮಳೆ’ ಎನ್ನುವುದಕ್ಕಿಂತ, ಎಂಟು ಇಂಚು ದಾಟಿದ ದಿನ ಎಂದರೆ ಕೇಳುವವರ ಕಣ್ಣೆದುರಿಗೆ ತೋಡು ಉಕ್ಕುತ್ತದೆ. ಜಿಲ್ಲೆಯ ಸರಾಸರಿಯಂತೂ ಯಾರಿಗೂ ಸಲ್ಲದ ಅಂಕಿ, ಏಕೆಂದರೆ ಭಾಗಮಂಡಲದಲ್ಲಿ ಬೀಳುವ ಮಳೆ ಕುಶಾಲನಗರದ್ದಕ್ಕಿಂತ ಹಲವು ಪಟ್ಟು ಹೆಚ್ಚು.

‘ಅನಿಶ್ಚಿತತೆ’ ಎಂಬ ಪದವೂ ಇಂಥದ್ದೇ. ವಿಜ್ಞಾನಿ ಆ ಪದದಿಂದ ಅಂದಾಜಿನ ಮೇಲಿನ ಮತ್ತು ಕೆಳಗಿನ ಮಿತಿಗಳನ್ನು ಸೂಚಿಸುತ್ತಾನೆ, ಕೇಳುವವರಿಗೆ ಅದು ‘ಇವರಿಗೂ ಗೊತ್ತಿಲ್ಲ’ ಎಂದು ಕೇಳಿಸುತ್ತದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯ ವರದಿಗಳಲ್ಲಿ ‘ಬಹಳ ಸಂಭವನೀಯ’ ಎಂಬುದಕ್ಕೆ ಶೇ. 90ಕ್ಕಿಂತ ಕಡಿಮೆಯಲ್ಲದ ಸಾಧ್ಯತೆ ಎಂಬ ನಿಗದಿತ ಅರ್ಥವಿದೆ. ಕನ್ನಡಕ್ಕೆ ಬರುವಾಗ ಅದು ‘ಬಹುಶಃ’ ಎಂದು ಸೊರಗಿಬಿಡುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ಎಂದು ಹೇಳಿದರೆ ಸಂತೆಯಲ್ಲಿ ಮೆಣಸು ತೂಗುವವರಿಗೂ ತಿಳಿಯುತ್ತದೆ.

ಕೊಡಗಿನಲ್ಲಿ ಅತ್ಯಂತ ಎಚ್ಚರದಿಂದ ಆಡಬೇಕಾದ ಮಾತು ಗುಡ್ಡ ಕುಸಿತದ್ದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆಗಳಲ್ಲಿ ಬೆಟ್ಟಗಳು ಜಾರಿದಾಗ, ಎಲ್ಲವೂ ಹವಾಮಾನ ಬದಲಾವಣೆಯಿಂದ ಎಂದವರೂ, ಎಲ್ಲವೂ ಗುಡ್ಡ ಕಡಿದು ರಸ್ತೆ, ಕಟ್ಟಡ ಮಾಡಿದ್ದರಿಂದ ಎಂದವರೂ ಇದ್ದರು. ಗೆದ್ದಲು ತಿಂದ ಮರ ಗಾಳಿಗೆ ಬಿದ್ದರೆ ಅದು ಗೆದ್ದಲಿನಿಂದಲೋ ಗಾಳಿಯಿಂದಲೋ ಎಂದು ಒಂದನ್ನೇ ಆರಿಸಲು ಹೊರಟರೆ ಉತ್ತರ ಸಿಗದು. ನೆರೆಯ ವಯನಾಡಿನಲ್ಲಿ 2024ರ ಜುಲೈ 30ರಂದು ನಡೆದ ದುರಂತದ ನಂತರ ವಿಜ್ಞಾನಿಗಳ ಅಂತರರಾಷ್ಟ್ರೀಯ ತಂಡವೊಂದು ಹೇಳಿದ ರೀತಿ ನನಗೆ ಸರಿಯೆನಿಸುತ್ತದೆ: ಕುಸಿತಕ್ಕೆ ಕಾರಣ ಇದೊಂದೇ ಎನ್ನದೆ, ಅಂದಿನ ಮಳೆ ಹವಾಮಾನ ಬದಲಾವಣೆಯಿಂದಾಗಿ ಸುಮಾರು ಶೇ. 10ರಷ್ಟು ತೀವ್ರವಾಗಿತ್ತು ಎಂದು ಅವರು ಅಂದಾಜಿಸಿದರು. ಗುಡ್ಡ ಕಡಿದವರ ಹೊಣೆ ಇದರಿಂದ ಕರಗುವುದಿಲ್ಲ, ಹಾಗೆ ಕರಗಿಸಲು ಈ ಅಂಕಿಯನ್ನು ಬಳಸುವವರನ್ನು ವಿಜ್ಞಾನಿಗಳೇ ಮೊದಲು ತಡೆಯಬೇಕು.

ಇನ್ನು ಮಾತು ಎಲ್ಲಿಂದ ಆರಂಭವಾಗಬೇಕೆಂದರೆ, ಪರದೆಯ ಮೇಲಿನ ನಕ್ಷೆಗಿಂತ ತೋಟದ ಮನೆಯಲ್ಲಿರುವ ಮಳೆ ಲೆಕ್ಕದ ಪುಸ್ತಕದಿಂದ. ಅದರ ಕೊನೆಯ ಪುಟದ ವರ್ಷದ ಮೊತ್ತವನ್ನು ಮಾತ್ರ ನೋಡಿದರೆ ಏನೂ ಬದಲಾಗಿಲ್ಲ ಎನಿಸಬಹುದು. 120 ಇಂಚು ನೂರೈವತ್ತು ದಿನಗಳಲ್ಲಿ ಹಂಚಿ ಬಿದ್ದರೂ, ನೂರೇ ದಿನಗಳಲ್ಲಿ ಸುರಿದರೂ ಮೊತ್ತ ಒಂದೇ. ಮಣ್ಣಿಗೂ ಕಾಫಿಯ ಬೇರಿಗೂ ಅದು ಒಂದೇ ಅಲ್ಲ. ಆದ್ದರಿಂದ ವಿಜ್ಞಾನಿ ಬೆಳೆಗಾರರ ಜೊತೆ ಕುಳಿತು ದಿನದ ಅಂಕಣಗಳನ್ನು ಓದಬೇಕು: ಎರಡೂವರೆ ಇಂಚು ಮೀರಿದ ದಿನಗಳು ತಾತನ ಕಾಲದಲ್ಲಿ ಎಷ್ಟಿದ್ದವು, ಈಗ ಎಷ್ಟಿವೆ, ಹೂಮಳೆಗೂ ಕಾಯಿ ಕಟ್ಟಲು ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆಗೂ ನಡುವಿನ ಅಂತರ ಹೇಗೆ ಬದಲಾಗಿದೆ. ಒಂದು ತೋಟದ ಪುಸ್ತಕವೇ ಸಾಕ್ಷಿಯಾಗದು ಎಂಬುದನ್ನೂ ಅಲ್ಲಿಯೇ ಹೇಳಬೇಕು, ಏಕೆಂದರೆ ಮಳೆಮಾಪಕದ ಪಕ್ಕದ ಸಿಲ್ವರ್ ಓಕ್ ಗಿಡ ಇಪ್ಪತ್ತು ವರ್ಷದಲ್ಲಿ ಮರವಾಗಿ ಅರ್ಧ ಮಳೆಯನ್ನು ತಾನೇ ತಡೆದಿರಬಹುದು.