ಫೈಟೋಸ್ಯಾನಿಟರಿ ಪ್ರಮಾಣಪತ್ರ: ಹೊರದೇಶದ ಹಣ್ಣಿನ ಜೊತೆ ಬರಲೇಬೇಕಾದ ಕಾಗದ

ಫೈಟೋಸ್ಯಾನಿಟರಿ ಪ್ರಮಾಣಪತ್ರವೆಂದರೆ, ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೊರಟ ಹಣ್ಣು, ತರಕಾರಿ, ಕಾಳು, ಬೀಜ ಅಥವಾ ಸಸಿಗಳನ್ನು ಕಳುಹಿಸುವ ದೇಶದ ಸರ್ಕಾರವೇ ಪರೀಕ್ಷಿಸಿ, ಕೊಳ್ಳುವ ದೇಶವು ತನ್ನ ನೆಲಕ್ಕೆ ಬರಬಾರದೆಂದು ಹೆಸರಿಸಿರುವ ಕೀಟ, ರೋಗಗಳು ಅವುಗಳಲ್ಲಿ ಇಲ್ಲವೆಂದು ಬರೆದುಕೊಡುವ ಅಧಿಕೃತ ಪತ್ರ. ಇದನ್ನು ಸಸ್ಯ ಆರೋಗ್ಯ ಪ್ರಮಾಣಪತ್ರ ಎನ್ನುವುದೂ ಉಂಟು. ಹಣ್ಣಿನ ವ್ಯಾಪಾರಿಗಳು ಮತ್ತು ಕಸ್ಟಮ್ಸ್ ಏಜೆಂಟರು ಚಿಕ್ಕದಾಗಿ ‘ಫೈಟೋ’ ಎನ್ನುತ್ತಾರೆ. ಬಳ್ಳಾರಿ, ಗಂಗಾವತಿ, ರಾಯಚೂರಿನ ಅಂಗಡಿಗಳಲ್ಲಿ ಈಗ ವಾಷಿಂಗ್ಟನ್ ಸೇಬು, ನ್ಯೂಜಿಲೆಂಡಿನ ಕಿವಿ, ಈಜಿಪ್ಟಿನ ಕಿತ್ತಳೆ ಅಪರೂಪದ ಸರಕಲ್ಲ, ಮತ್ತು ಕಾನೂನಿನ ಪ್ರಕಾರ ದೇಶದೊಳಗೆ ಬಂದ ಇಂಥ ಪ್ರತಿಯೊಂದು ಪೆಟ್ಟಿಗೆಯ ಹಿಂದೆಯೂ ಈ ಪತ್ರ ಇರಲೇಬೇಕು. ಆದರೆ ಅನೇಕರು ಇದನ್ನು ಹಣ್ಣಿನ ಗುಣಮಟ್ಟದ ಮುದ್ರೆಯೆಂದು ತಿಳಿದಿದ್ದಾರೆ. ಅದು ಸರಿಯಲ್ಲ. ಈ ಪತ್ರವು ಹಣ್ಣು ತಿನ್ನುವವನ ಆರೋಗ್ಯದ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದು ಕಾಯಲು ಹೊರಟಿರುವುದು ಕುಷ್ಟಗಿಯ ದಾಳಿಂಬೆ ತೋಟವನ್ನು, ಸಿರುಗುಪ್ಪದ ಮೆಣಸಿನಕಾಯಿ ಹೊಲವನ್ನು.

ಈ ಗೊಂದಲಕ್ಕೆ ಕಾರಣವಿದೆ. ಬಂದರಿಗೆ ಬಂದಿಳಿದ ಹಣ್ಣಿನ ಮೇಲೆ ಮೂರು ಬೇರೆ ಬೇರೆ ತಪಾಸಣೆಗಳು ನಡೆಯುತ್ತವೆ, ಹೊರಗಿನವರು ಮೂರನ್ನೂ ಒಟ್ಟಾಗಿ ‘ಕಸ್ಟಮ್ಸ್’ ಎಂದು ಕರೆದುಬಿಡುತ್ತಾರೆ. ಸುಂಕದ ಇಲಾಖೆ 1962ರ ಕಸ್ಟಮ್ಸ್ ಕಾಯ್ದೆಯಂತೆ ಕೆಲಸ ಮಾಡುತ್ತದೆ: ಆಮದುದಾರನು ‘ಬಿಲ್ ಆಫ್ ಎಂಟ್ರಿ’ ಎಂಬ ಆಮದು ವಿವರಪತ್ರ ಸಲ್ಲಿಸಬೇಕು, ಸರಕಿನ ಬೆಲೆ, ಮೂಲ ದೇಶ, ವರ್ಗೀಕರಣ ಸರಿಯಿವೆಯೇ ಎಂದು ಅಧಿಕಾರಿಗಳು ನೋಡಬೇಕು, ಸುಂಕ ಕಟ್ಟಿಸಿಕೊಳ್ಳಬೇಕು. ಬೆಲೆಯನ್ನು ಕಡಿಮೆ ತೋರಿಸುವ ಆಮದಿನಿಂದ ಇಲ್ಲಿನ ಬೆಳೆಗಾರರಿಗೆ ಪೆಟ್ಟು ಬೀಳುತ್ತದೆಂಬ ಕಾರಣಕ್ಕೆ, ಸಾಗಣೆ ಮತ್ತು ವಿಮೆಯ ವೆಚ್ಚವೂ ಸೇರಿ ಕಿಲೋಗೆ 50 ರೂಪಾಯಿ ಮೀರದ ಸೇಬನ್ನು ಭೂತಾನದ ಹೊರತು ಬೇರೆಲ್ಲಿಂದಲೂ ತರುವಂತಿಲ್ಲವೆಂದು 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಆದೇಶಿಸಿತು. ಎರಡನೆಯದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ತಪಾಸಣೆ. ತಿನ್ನಲು ಯೋಗ್ಯವೇ, ಕೀಟನಾಶಕದ ಉಳಿಕೆ ಮಿತಿಯೊಳಗಿದೆಯೇ ಎಂಬ ಪ್ರಶ್ನೆಗಳನ್ನು 2006ರ ಕಾಯ್ದೆ ಮತ್ತು 2017ರ ಆಮದು ನಿಯಮಗಳ ಅಡಿಯಲ್ಲಿ ಅದು ಕೇಳುತ್ತದೆ. ಮೂರನೆಯದೇ ಸಸ್ಯ ಕ್ವಾರಂಟೈನ್, ಅಂದರೆ ಹೊರಗಿನ ಕೀಟ, ರೋಗ ಒಳಬರದಂತೆ ಸರಕನ್ನು ತಡೆದು ಪರೀಕ್ಷಿಸುವುದು; ಫೈಟೋ ಪತ್ರ ಬೇಕಾಗುವುದು ಇಲ್ಲಿಯೇ. ಈ ಮೂರರಲ್ಲಿ ಒಂದು ಬಾಕಿ ಉಳಿದರೂ ಕಂಟೈನರ್ ಹೊರಬೀಳುವುದಿಲ್ಲ, ಮತ್ತು ಹಣ್ಣು ದಿನದಿನಕ್ಕೆ ಮಾಗುವ ಸರಕಾದ್ದರಿಂದ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಕೂರುವ ಹಾಗೂ ಇಲ್ಲ. 2016ರಿಂದ ಮೂವರ ಒಪ್ಪಿಗೆಯನ್ನೂ ಒಂದೇ ಆನ್‌ಲೈನ್ ಕಿಂಡಿಯ ಮೂಲಕ ಕೋರುವ ವ್ಯವಸ್ಥೆ ಬಂದಿದೆ; ಆದರೂ ತಪಾಸಣೆಗಳು ಬೇರೆ ಬೇರೆಯಾಗಿಯೇ ಉಳಿದಿವೆ.

ಸಸ್ಯ ಕ್ವಾರಂಟೈನಿಗೆ ನಮ್ಮಲ್ಲಿ ನೂರು ವರ್ಷ ಮೀರಿದ ಕಾನೂನಿದೆ. 1914ರ ವಿನಾಶಕಾರಿ ಕೀಟ ಮತ್ತು ಪಿಡುಗುಗಳ ಕಾಯ್ದೆಯೇ ಅದರ ಬೇರು. ಅದರ ಅಡಿಯಲ್ಲಿ ಹೊರಡಿಸಿದ 2003ರ ಸಸ್ಯ ಕ್ವಾರಂಟೈನ್ ಆದೇಶವು 2004ರ ಜನವರಿಯಿಂದ ಜಾರಿಯಲ್ಲಿದೆ. ಹರಿಯಾಣದ ಫರೀದಾಬಾದಿನಲ್ಲಿ ಮುಖ್ಯ ಕಚೇರಿಯಿರುವ ಸಸ್ಯ ಸಂರಕ್ಷಣಾ ನಿರ್ದೇಶನಾಲಯವು ಬಂದರು, ವಿಮಾನ ನಿಲ್ದಾಣ ಮತ್ತು ಗಡಿಗಳಲ್ಲಿರುವ ತನ್ನ ಕೇಂದ್ರಗಳ ಮೂಲಕ ಅದನ್ನು ನಡೆಸುತ್ತದೆ. ಯಾವ ದೇಶದ ಯಾವ ಹಣ್ಣು ಬರಬಹುದು, ಯಾವ ಷರತ್ತಿನ ಮೇಲೆ ಬರಬಹುದು ಎಂಬುದು ಆ ಆದೇಶದ ಅನುಸೂಚಿಗಳಲ್ಲಿದೆ. ಪಟ್ಟಿಯಲ್ಲಿಲ್ಲದ ಹೊಸ ಹಣ್ಣನ್ನು ತರಬೇಕೆಂದರೆ, ಅದರ ಜೊತೆ ಯಾವ ಕೀಟ ಬರಬಹುದು, ಬಂದರೆ ನಮ್ಮ ಹವೆಯಲ್ಲಿ ಅದು ಬದುಕೀತೇ, ಬದುಕಿದರೆ ಯಾವ ಬೆಳೆಗೆ ಎಷ್ಟು ಹಾನಿ ಎಂಬುದರ ಅಧ್ಯಯನ ಮೊದಲು ಆಗಬೇಕು. ಇದನ್ನು ಪೀಡೆ ಅಪಾಯ ವಿಶ್ಲೇಷಣೆ ಎನ್ನುತ್ತಾರೆ. ಈ ವಿಶ್ಲೇಷಣೆಯನ್ನು ವಿಜ್ಞಾನದ ಆಧಾರದ ಮೇಲೆಯೇ ಮಾಡಬೇಕು, ವ್ಯಾಪಾರ ತಡೆಯುವ ನೆಪವಾಗಿ ಬಳಸಬಾರದು ಎಂಬುದು 1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದ ಕಟ್ಟಳೆ.

ಇನ್ನು ಪತ್ರದ ವಿಷಯಕ್ಕೆ ಬರೋಣ. ಅದರ ನಮೂನೆ ಎಲ್ಲ ದೇಶಗಳಲ್ಲಿ ಬಹುಪಾಲು ಒಂದೇ, ಏಕೆಂದರೆ 1951ರ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಡಂಬಡಿಕೆ ಅದನ್ನು ಗೊತ್ತುಮಾಡಿದೆ. ಕಳುಹಿಸುವವರ ಮತ್ತು ಪಡೆಯುವವರ ಹೆಸರು, ಬೆಳೆದ ಸ್ಥಳ, ಯಾವ ಬಂದರಿನಿಂದ ಒಳಬರುತ್ತದೆ, ಪೆಟ್ಟಿಗೆಗಳ ಸಂಖ್ಯೆ, ಅವುಗಳ ಮೇಲಿನ ಗುರುತು, ಹಣ್ಣಿನ ಸಸ್ಯಶಾಸ್ತ್ರೀಯ ಹೆಸರು ಇವೆಲ್ಲ ಅದರಲ್ಲಿರುತ್ತವೆ. ಸೇಬು ಎಂದು ಬರೆದರೆ ಸಾಲದು, ಮಾಲಸ್ ಡೊಮೆಸ್ಟಿಕಾ ಎಂದು ಬರೆಯಬೇಕು. ಕೆಳಗೆ ಎರಡು ಮುಖ್ಯ ಭಾಗಗಳಿವೆ. ಒಂದು ‘ಹೆಚ್ಚುವರಿ ಘೋಷಣೆ’: ಕೊಳ್ಳುವ ದೇಶ ನಿರ್ದಿಷ್ಟವಾಗಿ ಕೇಳಿದ ಕೀಟ, ರೋಗಗಳ ಹೆಸರು ಹಿಡಿದು, ಇವು ಈ ಸರಕಿನಲ್ಲಿಲ್ಲ ಎಂದು ಬರೆಯುವ ಜಾಗ. ಇನ್ನೊಂದು ಸರಕಿಗೆ ಕೊಟ್ಟ ಉಪಚಾರದ ವಿವರ: ಕೀಟ ಕೊಲ್ಲಲು ಯಾವ ಅನಿಲದ ಹೊಗೆಯುಣಿಸಲಾಯಿತು, ಎಷ್ಟು ಪ್ರಮಾಣದಲ್ಲಿ, ಎಷ್ಟು ಹೊತ್ತು, ಎಷ್ಟು ಉಷ್ಣಾಂಶದಲ್ಲಿ, ಅಥವಾ ಹಣ್ಣು ನೊಣದ ಮರಿಗಳು ಸಾಯುವಷ್ಟು ದಿನ ಸೊನ್ನೆ ಡಿಗ್ರಿಯ ಆಸುಪಾಸಿನ ಚಳಿಯಲ್ಲಿ ಹಡಗಿನಲ್ಲೇ ಇಡಲಾಗಿತ್ತೇ ಎಂಬುದು. ಕೊನೆಗೆ ಅಧಿಕಾರಿಯ ಸಹಿ ಮತ್ತು ಮೊಹರು. ಖಾಸಗಿ ಕಂಪನಿಯಾಗಲಿ ಬೆಳೆಗಾರರ ಸಂಘವಾಗಲಿ ಈ ಪತ್ರ ಕೊಡುವಂತಿಲ್ಲ. ಸರ್ಕಾರದ ಅಧಿಕೃತ ಸಸ್ಯ ಸಂರಕ್ಷಣಾ ಸಂಸ್ಥೆ ಮಾತ್ರ ಕೊಡಬೇಕು. ಆದ್ದರಿಂದಲೇ ಈ ಒಂದು ಹಾಳೆಗೆ ಅಷ್ಟು ತೂಕ.

ಪತ್ರ ಇದ್ದ ಮಾತ್ರಕ್ಕೆ ಸರಕನ್ನು ನಂಬಿ ಬಿಟ್ಟುಕೊಡುವುದಿಲ್ಲ. ಕ್ವಾರಂಟೈನ್ ಅಧಿಕಾರಿಗಳು ಶೀತಲ ಕಂಟೈನರಿನ ಬಾಗಿಲು ತೆರೆಸಿ, ಪೆಟ್ಟಿಗೆಗಳಲ್ಲಿ ಕೆಲವನ್ನು ಮಾದರಿಯಾಗಿ ಆರಿಸಿ, ಹಣ್ಣುಗಳನ್ನು ಒಂದೊಂದಾಗಿ ನೋಡುತ್ತಾರೆ. ಸೇಬಿನಲ್ಲಿ ಅವರ ಕಣ್ಣು ಮೊದಲು ಹೋಗುವುದು ತೊಟ್ಟಿನ ಕುಳಿಗೆ ಮತ್ತು ಅದರ ಎದುರು ತುದಿಯಲ್ಲಿ ಒಣಗಿ ಉಳಿದ ಹೂವಿನ ಹೊರ ಎಸಳುಗಳ ಸಂದಿಗೆ, ಏಕೆಂದರೆ ಶಲ್ಕ ಕೀಟ, ಹಿಟ್ಟು ತಿಗಣೆಗಳು ಅಡಗುವ ಜಾಗ ಅದೇ. ಭೂತಗನ್ನಡಿ ಹಿಡಿದು ನೋಡಿ, ಅನುಮಾನ ಬಂದ ಹಣ್ಣನ್ನು ಕೊಯ್ದು, ಒಳಗೆ ಹುಳು ಕೊರೆದ ದಾರಿಯಿದೆಯೇ ಎಂದು ಪರೀಕ್ಷಿಸುತ್ತಾರೆ. ಮಣ್ಣು ಅಂಟಿರಬಾರದು. ಹುಲ್ಲು, ಒಣ ಎಲೆಗಳಲ್ಲಿ ಸುತ್ತಿರಬಾರದು. ಕೆಳಗಿನ ಮರದ ಹಲಗೆಯನ್ನೂ ಬಿಡುವುದಿಲ್ಲ: ಅದರ ಒಳತಿರುಳು ಕನಿಷ್ಠ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದಿರಬೇಕು ಅಥವಾ ಒಪ್ಪಿತವಾದ ಬೇರೆ ಉಪಚಾರ ಪಡೆದಿರಬೇಕು, ಮತ್ತು ಅದಕ್ಕೆ ಸಾಕ್ಷಿಯಾಗಿ ತೆನೆಯ ಚಿತ್ರವಿರುವ ಮುದ್ರೆ ಇರಬೇಕು. ನಮ್ಮ ಊರುಗಳ ಗೋದಾಮುಗಳಲ್ಲೂ ಹಳೆಯ ಸಾಮಾನಿನ ಅಂಗಡಿಗಳಲ್ಲೂ ಬಿದ್ದಿರುವ ಹಲಗೆಗಳ ಮಗ್ಗುಲಲ್ಲಿ ಸುಟ್ಟು ಒತ್ತಿದ ಈ ಮುದ್ರೆ ಮತ್ತು ‘ಎಚ್‌ಟಿ’ ಎಂಬ ಅಕ್ಷರಗಳನ್ನು ನೋಡಬಹುದು. ಎಚ್‌ಟಿ ಎಂದರೆ ಬಿಸಿಯ ಉಪಚಾರ ಆಗಿದೆಯೆಂದು ಅರ್ಥ.

ಕೀಟ ಕಂಡರೆ ಅಧಿಕಾರಿಯ ಮುಂದೆ ಕೆಲವೇ ದಾರಿಗಳಿರುತ್ತವೆ. ಹೊಗೆಯುಣಿಸಿ ಬಿಡಬಹುದಾದರೆ ಆಮದುದಾರನ ಖರ್ಚಿನಲ್ಲಿ ಹೊಗೆಯುಣಿಸುವುದು. ಆಗದಿದ್ದರೆ ಸರಕನ್ನು ಬಂದ ದೇಶಕ್ಕೇ ಹಿಂದಿರುಗಿಸುವುದು, ಇಲ್ಲವೇ ನಾಶಪಡಿಸುವುದು. ಒಂದೇ ದೇಶದ ಹಣ್ಣಿನಲ್ಲಿ ಮತ್ತೆ ಮತ್ತೆ ಕೀಟ ಸಿಕ್ಕರೆ ಆ ಹಣ್ಣಿನ ಆಮದನ್ನೇ ನಿಲ್ಲಿಸಲಾಗುತ್ತದೆ. 2017ರಲ್ಲಿ ಚೀನಾದ ಸೇಬಿಗೂ 2021ರ ಡಿಸೆಂಬರಿನಲ್ಲಿ ಇರಾನಿನ ಕಿವಿ ಹಣ್ಣಿಗೂ ಭಾರತ ಹೀಗೆಯೇ ಬಾಗಿಲು ಹಾಕಿತ್ತು.

ಇಷ್ಟೊಂದು ಕಟ್ಟುನಿಟ್ಟು ಯಾಕೆ ಬೇಕೆಂಬುದನ್ನು ಬಳ್ಳಾರಿ, ಕೊಪ್ಪಳ, ರಾಯಚೂರು ಎಂಬ ನಮ್ಮ ಮೂರು ಜಿಲ್ಲೆಗಳ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಭಾರತದಲ್ಲೇ ಮೊದಲ ಬಾರಿಗೆ ಕಂಡ ಫಾಲ್ ಸೈನಿಕ ಹುಳು ಅಮೆರಿಕ ಖಂಡದ್ದು. ಅದು ಕೊಪ್ಪಳದ ಮೆಕ್ಕೆಜೋಳಕ್ಕೂ ಬಂದಿತು, ಸುಳಿಯಲ್ಲಿ ಕೂತು ತಿಂದಿತು. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಪಪ್ಪಾಯದ ಹಿಟ್ಟು ತಿಗಣೆಯನ್ನು ಯಾವ ಔಷಧವೂ ಸರಿಯಾಗಿ ಹಿಡಿಯಲಿಲ್ಲ. ಕೊನೆಗೆ 2010ರಲ್ಲಿ ಪೋರ್ಟೊ ರಿಕೊದಿಂದ ಅದರ ಶತ್ರುವಾದ ಪರತಂತ್ರ ಕಣಜವನ್ನು ಬೆಂಗಳೂರಿನ ಸಂಶೋಧನಾ ಕೇಂದ್ರಕ್ಕೆ ತರಿಸಿ, ಅಲ್ಲಿಯ ವಿಜ್ಞಾನಿಗಳು ಅದನ್ನು ಸಾಕಿ ಬಿಡುಗಡೆ ಮಾಡಿದ ಮೇಲೆ ಪಿಡುಗು ಇಳಿಯಿತು. ಎಲ್ಲಕ್ಕಿಂತ ಹತ್ತಿರದ ನೋವು ಮೆಣಸಿನಕಾಯಿಯದು. ಆಗ್ನೇಯ ಏಷ್ಯಾ ಮೂಲದ ಕಪ್ಪು ತ್ರಿಪ್ಸ್ ನುಸಿ 2015ರಲ್ಲಿ ಬೆಂಗಳೂರಿನ ಪಪ್ಪಾಯ ಗಿಡಗಳಲ್ಲಿ ವರದಿಯಾಗಿ, 2021ರ ಹಂಗಾಮಿನಲ್ಲಿ ಆಂಧ್ರ, ತೆಲಂಗಾಣ ಮತ್ತು ಬಳ್ಳಾರಿ, ರಾಯಚೂರಿನ ಹೊಲಗಳಿಗೆ ಮುತ್ತಿತು. ಹೂವಿನೊಳಗೆ ಹೊಕ್ಕು ರಸ ಹೀರಿದ್ದರಿಂದ ಹೂ ಉದುರಿತು, ಕಾಯಿ ಕಟ್ಟಲಿಲ್ಲ. ದುಡ್ಡು ಸುರಿದು ಬೆಳೆದ ಬೆಳೆಯನ್ನು ಕಿತ್ತುಹಾಕಿದವರಿದ್ದಾರೆ. ಈ ಕೀಟಗಳು ಇಂಥದೇ ದಾರಿಯಿಂದ ಬಂದವೆಂದು ಬೊಟ್ಟುಮಾಡಿ ತೋರಿಸುವುದು ಸುಲಭವಲ್ಲ. ಸೈನಿಕ ಹುಳುವಿನ ಪತಂಗವಂತೂ ಗಾಳಿಯ ಜೊತೆ ನೂರಾರು ಕಿಲೋಮೀಟರ್ ಹಾರಬಲ್ಲದು, ಅದನ್ನು ಯಾವ ಬಂದರಿನ ಅಧಿಕಾರಿಯೂ ತಡೆಯಲಾರ. ಆದರೆ ಗಿಡ, ಹಣ್ಣು, ಹೂವುಗಳ ಸಾಗಣೆ ಕೀಟಕ್ಕಿರುವ ಅತಿ ಸುಲಭದ ದಾರಿ, ಮತ್ತು ನಮ್ಮ ಕೈಯಲ್ಲಿ ಮುಚ್ಚಲಾಗುವ ದಾರಿ ಅದೊಂದೇ.

ಇಲ್ಲಿ ‘ಕ್ವಾರಂಟೈನ್ ಪೀಡೆ’ ಎಂಬ ಮಾತನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ಹಾನಿ ಮಾಡುವ ಎಲ್ಲ ಕೀಟವೂ ಕ್ವಾರಂಟೈನ್ ಪೀಡೆಯಲ್ಲ. ದೇಶದಲ್ಲಿ ಇನ್ನೂ ಇಲ್ಲದ, ಅಥವಾ ಇದ್ದರೂ ವ್ಯಾಪಕವಾಗಿ ಹರಡದೆ ಸರ್ಕಾರದ ಅಧಿಕೃತ ಹತೋಟಿಯಲ್ಲಿರುವ, ಬಂದರೆ ಆರ್ಥಿಕ ನಷ್ಟ ಮಾಡಬಲ್ಲ ಪೀಡೆ ಮಾತ್ರ ಆ ಹೆಸರಿಗೆ ಅರ್ಹ. ಆದ್ದರಿಂದ ಒಂದು ಕೀಟ ಒಮ್ಮೆ ಒಳಹೊಕ್ಕು ಜಿಲ್ಲೆ ಜಿಲ್ಲೆಗೆ ಹಬ್ಬಿತೆಂದರೆ ಅದರ ಹೆಸರು ಹೇಳಿ ಹೊರಗಿನ ಸರಕನ್ನು ತಡೆಯುವ ಹಕ್ಕನ್ನೂ ನಾವು ಬಹುಮಟ್ಟಿಗೆ ಕಳೆದುಕೊಳ್ಳುತ್ತೇವೆ. ಅದಾದ ಮೇಲೆ ಉಳಿಯುವುದು ಔಷಧದ ಖರ್ಚು ಮಾತ್ರ, ಅದು ರೈತನ ತಲೆಯ ಮೇಲೆ.

ಈ ಕಾರಣಕ್ಕೇ, ಬೆಲೆ ಏರಿದಾಗ ಕ್ವಾರಂಟೈನ್ ಷರತ್ತು ಸಡಿಲಿಸುವ ನಿರ್ಧಾರಗಳನ್ನು ನಾನು ಆತಂಕದಿಂದ ನೋಡುತ್ತೇನೆ. 2019ರ ಕೊನೆಯಲ್ಲಿ ಈರುಳ್ಳಿ ಬೆಲೆ ಏರಿ ಈಜಿಪ್ಟ್, ಟರ್ಕಿಗಳಿಂದ ತರಿಸಬೇಕಾಗಿ ಬಂದಾಗ, ಕಳುಹಿಸುವ ದೇಶದಲ್ಲೇ ಮೀಥೈಲ್ ಬ್ರೋಮೈಡ್ ಹೊಗೆಯುಣಿಸಿ ಅದನ್ನು ಪತ್ರದಲ್ಲಿ ನಮೂದಿಸಬೇಕೆಂಬ ಷರತ್ತನ್ನು ತಾತ್ಕಾಲಿಕವಾಗಿ ಬಿಡಲಾಯಿತು. ಇದಕ್ಕೆ ಸಮರ್ಥನೆ ಇರಲಿಲ್ಲವೆಂದಲ್ಲ: ಆ ಅನಿಲ ಓಝೋನ್ ಪದರಕ್ಕೆ ಹಾನಿಕಾರಕವಾದ್ದರಿಂದ ಹಲವು ದೇಶಗಳು ಅದರ ಬಳಕೆಯನ್ನೇ ಬಿಟ್ಟಿವೆ, ಮತ್ತು ಸರಕು ಇಲ್ಲಿಗೆ ಬಂದ ಮೇಲೆ ಮಾನ್ಯತೆ ಪಡೆದವರಿಂದ ಹೊಗೆಯುಣಿಸಿ ಪರೀಕ್ಷಿಸಬೇಕೆಂಬ ನಿಯಮ ಉಳಿದೇ ಇತ್ತು. ಆದರೂ ಬಂದರಿಗೆ ಬರುವ ಮೊದಲೇ ಸಾಯಬೇಕಾದ ಕೀಟವು ಬಂದರಿನವರೆಗೆ ಜೀವಂತವಾಗಿ ಬರಲು ಅವಕಾಶವಾಗುತ್ತದೆ ಎಂಬುದು ನಿಜ, ಮತ್ತು ಈರುಳ್ಳಿ ನಮ್ಮ ಭಾಗದ ಬೆಳೆಯೂ ಹೌದು.

ನಮ್ಮ ಹಣ್ಣು ಹೊರಗೆ ಹೋಗುವಾಗ ಇದೇ ಪತ್ರವನ್ನು ನಾವು ಕೊಡಬೇಕು. ಕೊಪ್ಪಳದ ಕೇಸರ್ ಮಾವು, ದ್ರಾಕ್ಷಿ, ದಾಳಿಂಬೆ ಬೆಳೆಯುವವರು ನೆನಪಿಡಬೇಕಾದ ಎರಡು ಘಟನೆಗಳಿವೆ. 2014ರ ಮೇ 1ರಿಂದ ಐರೋಪ್ಯ ಒಕ್ಕೂಟವು ಭಾರತದ ಮಾವು ಮತ್ತು ನಾಲ್ಕು ತರಕಾರಿಗಳನ್ನು ನಿಷೇಧಿಸಿತು. ಕಾರಣ, ಪತ್ರದ ಜೊತೆಗೇ ಹೋದ ಪೆಟ್ಟಿಗೆಗಳಲ್ಲಿ ಹಣ್ಣು ನೊಣ ಮುಂತಾದ ಕೀಟಗಳು ಸಿಕ್ಕಿದ್ದವು. ನಾವು ತಪಾಸಣೆಯನ್ನು ಬಿಗಿಗೊಳಿಸಿದ ಮೇಲೆ 2015ರ ಆರಂಭದಲ್ಲಿ ಮಾವಿನ ಮೇಲಿನ ನಿಷೇಧ ತೆರವಾಯಿತು. ಅದಕ್ಕೂ ಮೊದಲು, 2010ರಲ್ಲಿ, ಭಾರತದ ದ್ರಾಕ್ಷಿ ಯುರೋಪಿನಲ್ಲಿ ತಿರಸ್ಕೃತವಾಗಿತ್ತು. ಆ ಹಣ್ಣಿನಲ್ಲಿ ಕೀಟವಿರಲಿಲ್ಲ, ಬೆಳೆಗಾರರು ಲಿಹೋಸಿನ್ ಎಂದು ಕರೆಯುವ ಬೆಳವಣಿಗೆ ನಿಯಂತ್ರಕದ ಉಳಿಕೆಯಿತ್ತು. ಮೊದಲನೆಯದು ಸಸ್ಯ ಆರೋಗ್ಯದ ಲೋಪ, ಎರಡನೆಯದು ಆಹಾರ ಸುರಕ್ಷತೆಯ ಲೋಪ. ಫೈಟೋ ಪತ್ರ ಎಷ್ಟೇ ಸರಿಯಿದ್ದರೂ ಎರಡನೆಯದರಿಂದ ಅದು ಕಾಪಾಡಲಾರದು.

ಹಣ್ಣಿನ ಮೇಲಿನ ಚೀಟಿಗೂ ಈ ಪತ್ರಕ್ಕೂ ಸಂಬಂಧವಿಲ್ಲ ಎಂಬುದನ್ನೂ ಹೇಳಬೇಕು. ಕಿವಿ ಹಣ್ಣಿನ ಮೇಲೆ 4030 ಎಂದಿದ್ದರೆ ಅದು ಅಂಗಡಿಯ ಬಿಲ್ಲಿಂಗಿಗಾಗಿ ಕೊಟ್ಟ ಸಂಖ್ಯೆ. ಅದರ ಮೊದಲಿಗೆ 9 ಸೇರಿ ಐದಂಕಿಯಾದರೆ ಸಾವಯವವೆಂದು ಅರ್ಥ. ಕೀಟ ತಪಾಸಣೆಯ ಬಗ್ಗೆ ಅದು ಏನೂ ಹೇಳುವುದಿಲ್ಲ.

ತಿನ್ನುವ ಹಣ್ಣಿಗಿಂತ ನೆಡುವ ಕಡ್ಡಿಯ ಮೇಲೆ ಕಾನೂನು ಹೆಚ್ಚು ಬಿಗಿಯಾಗಿದೆ, ಮತ್ತು ಅದು ಸರಿಯಾಗಿಯೇ ಇದೆ. ತಿಂದ ಹಣ್ಣಿನ ಕಥೆ ಅಲ್ಲಿಗೆ ಮುಗಿಯಬಹುದು. ನೆಟ್ಟ ಕಡ್ಡಿಯೊಳಗಿನ ರೋಗ ತೋಟದಲ್ಲೇ ಉಳಿದು ಬೆಳೆಯುತ್ತದೆ. ದಾಳಿಂಬೆಯ ದುಂಡಾಣು ಅಂಗಮಾರಿ ಹೊರದೇಶದ ಮಾತೇ ಇಲ್ಲದೆ, ರೋಗ ಹತ್ತಿದ ಗೂಟಿ ಸಸಿಗಳ ಮೂಲಕ ಜಿಲ್ಲೆಯಿಂದ ಜಿಲ್ಲೆಗೆ ಹೋದುದನ್ನು ಕುಷ್ಟಗಿ, ಯಲಬುರ್ಗಾದವರು ಕಂಡಿದ್ದಾರೆ. ಹೀಗಾಗಿ ಹೊರದೇಶದಿಂದ ಸಸಿ, ಕಡ್ಡಿ, ಗೆಡ್ಡೆ ತರಬೇಕಾದರೆ ಸರಕು ಹೊರಡುವ ಮೊದಲೇ ಆಮದು ಪರವಾನಗಿ ಪಡೆದಿರಬೇಕು, ಫೈಟೋ ಪತ್ರ ಜೊತೆಗಿರಬೇಕು, ಮತ್ತು ಹಲವು ಬೆಳೆಗಳಲ್ಲಿ ಬಂದ ಗಿಡವನ್ನು ಒಪ್ಪಿಗೆ ಪಡೆದ ಪ್ರತ್ಯೇಕ ಜಾಗದಲ್ಲಿ ನಿಗದಿತ ಅವಧಿಯವರೆಗೆ ಬೆಳೆಸಿ, ರೋಗವಿಲ್ಲವೆಂದು ಅಧಿಕಾರಿ ಒಪ್ಪಿದ ಮೇಲೆಯೇ ಹೊಲಕ್ಕೆ ಒಯ್ಯಬೇಕು. ಕೊಲ್ಲಿ ದೇಶಗಳಿಂದಾಗಲಿ ಪ್ರವಾಸದಿಂದಾಗಲಿ ಮರಳುವಾಗ ಡ್ರ್ಯಾಗನ್ ಫ್ರೂಟಿನ ಒಂದು ತುಂಡನ್ನೋ ಅಂಜೂರದ ಒಂದು ಕಡ್ಡಿಯನ್ನೋ ಬಟ್ಟೆಗಳ ನಡುವೆ ಸುತ್ತಿ ತರುವ ಆಸೆ ಯಾರಿಗಾದರೂ ಆದರೆ, ವಿಮಾನ ನಿಲ್ದಾಣದ ಘೋಷಣಾ ಪತ್ರದಲ್ಲಿ ಗಿಡ, ಬೀಜ, ಹಣ್ಣುಗಳ ಕುರಿತ ಪ್ರಶ್ನೆಗೆ ‘ಹೌದು’ ಎಂದು ಬರೆದು, ಘೋಷಿಸಬೇಕಾದ ವಸ್ತು ಇರುವವರ ಕೆಂಪು ಸಾಲಿನಲ್ಲಿ ನಿಂತು, ಅದನ್ನು ಕ್ವಾರಂಟೈನ್ ಅಧಿಕಾರಿಯ ಮುಂದೆ ಇಡಬೇಕು.