ಕತ್ತರಿಗೂ ಒಂದು ಕೈ ಇದೆ

ಅಣ್ಣನ ಮಗಳಿಗೆ ಆರು ವರ್ಷ. ದಸರಾ ರಜೆಗೆ ನಮ್ಮನೆಗೆ ಬಂದವಳು ಬಣ್ಣದ ಕಾಗದದಲ್ಲಿ ಆನೆ ಕತ್ತರಿಸಲು ಕೂತಳು. ಎಡಗೈಯಲ್ಲಿ ಕತ್ತರಿ. ಕಚಕಚ ಸದ್ದು ಬರುತ್ತದೆ, ಕಾಗದ ಮಾತ್ರ ತುಂಡಾಗುವುದಿಲ್ಲ. ಎರಡು ಅಲಗುಗಳ ನಡುವೆ ಮಡಚಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ. ಅಮ್ಮ ಅಲ್ಲೇ ಹೂ ಕಟ್ಟುತ್ತಿದ್ದರು. "ಅದಕ್ಕೇ ಹೇಳೋದು ಪುಟ್ಟಿ, ಬಲಗೈಲಿ ಹಿಡ್ಕೋ ಅಂತ. ಎಡಗೈಗೆ ಎಲ್ಲಿ ಬರುತ್ತೆ ಕೆಲಸ?"

ತಪ್ಪು ಪುಟ್ಟಿಯ ಕೈಯದಲ್ಲ, ಕತ್ತರಿಯದು.

ಕತ್ತರಿಯಲ್ಲಿ ಹರಿತ ಎಷ್ಟು ಮುಖ್ಯವೋ, ಎರಡು ಅಲಗುಗಳು ಒಂದಕ್ಕೊಂದು ಒತ್ತಿಕೊಂಡು ಸರಿಯುವುದೂ ಅಷ್ಟೇ ಮುಖ್ಯ. ನಡುವೆ ಸಣ್ಣ ಸಂದು ಬಿದ್ದರೂ ಕಾಗದ ಅಲ್ಲಿಗೆ ನುಸುಳುತ್ತದೆ. ಆ ಒತ್ತಡ ಕೊಡುವುದು ನಮ್ಮ ಬೆರಳು. ಬಲಗೈಯಲ್ಲಿ ಕತ್ತರಿ ಮುಚ್ಚುವಾಗ ಹೆಬ್ಬೆರಳು ನಮಗೇ ಗೊತ್ತಿಲ್ಲದೆ ಕೊಂಚ ಹೊರಕ್ಕೆ ತಳ್ಳುತ್ತದೆ, ಉಳಿದ ಬೆರಳುಗಳು ಒಳಕ್ಕೆ ಎಳೆಯುತ್ತವೆ. ನಡುವಿನ ತಿರುಪಿನ ಆಚೆ ಅಲಗುಗಳು ಹತ್ತಿರ ಬರುತ್ತವೆ. ಅದೇ ಕತ್ತರಿ ಎಡಗೈಗೆ ಹೋದರೆ ತಳ್ಳುವ ದಿಕ್ಕು ಕನ್ನಡಿಯಲ್ಲಿ ಕಂಡಂತೆ ಅದಲುಬದಲು. ಅಲಗುಗಳು ದೂರ ಸರಿಯುತ್ತವೆ. ಬೀಸುವ ಕಲ್ಲಿನ ಮೇಲಿನ ಬಿಲ್ಲೆಯನ್ನು ಎತ್ತಿ ಹಿಡಿದು ತಿರುಗಿಸಿದರೆ ರಾಗಿ ಇಡಿ ಕಾಳಾಗೇ ಹೊರಗೆ ಬೀಳುತ್ತದೆ, ಅಲ್ವಾ? ಹಾಗೆಯೇ ಇದು. ಸಾಲದ್ದಕ್ಕೆ, ಕತ್ತರಿಸಬೇಕಾದ ಗೆರೆಯನ್ನೂ ಅಲಗೇ ಮರೆಮಾಡುತ್ತದೆ.

ಬಲಗೈಯವರು ಎಡಗೈಯಲ್ಲಿ ಒಂದು ತೆಳು ಪ್ಲಾಸ್ಟಿಕ್ ಕವರ್ ಕತ್ತರಿಸಿ ನೋಡಿ. ಆಮೇಲೆ ಹೆಬ್ಬೆರಳನ್ನು ಬೇಕೆಂದೇ ಅಂಗೈ ಕಡೆಗೆ ಎಳೆದುಕೊಂಡು ಕತ್ತರಿಸಿ. ತಟ್ಟನೆ ತುಂಡಾಗುತ್ತದೆ! ಎಡಚ ಮಕ್ಕಳು ಯಾರೂ ಹೇಳಿಕೊಡದೆ ಇದನ್ನು ಕಲಿತುಕೊಳ್ಳುತ್ತಾರೆ. ನಮ್ಮ ಈಳಿಗೆಮಣೆಗೆ ಈ ತಕರಾರೇ ಇಲ್ಲ. ಅಲಗು ಒಂದೇ, ನೆಟ್ಟಗೆ ನಿಂತಿರುತ್ತದೆ. ಯಾವ ಕೈಯಿಂದ ತಳ್ಳಿದರೂ ಬದನೆಕಾಯಿ ಹೋಳಾಗುತ್ತದೆ.

ಹತ್ತು ಜನರಲ್ಲಿ ಹೆಚ್ಚುಕಡಿಮೆ ಒಬ್ಬರು ಎಡಚರು. ಇದು ಅಭ್ಯಾಸ, ತಿದ್ದಿದರೆ ಹೋಗುತ್ತದೆ ಎಂದು ಇಂದಿಗೂ ಊಟದ ತಟ್ಟೆ ಮುಂದೆ ಮಕ್ಕಳ ಕೈಗೆ ಹೊಡೆಯುವವರಿದ್ದಾರೆ. ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬೆಲ್‌ಫಾಸ್ಟ್‌ನ ಪೀಟರ್ ಹೆಪ್ಪರ್ ತಂಡ ಸ್ಕ್ಯಾನಿಂಗ್‌ನಲ್ಲಿ ಹೊಟ್ಟೆಯೊಳಗಿನ ಕೂಸು ಯಾವ ಹೆಬ್ಬೆರಳು ಚೀಪುತ್ತದೆ ಎಂದು ಬರೆದಿಟ್ಟುಕೊಂಡಿತ್ತು. ಅಂಥ 75 ಮಕ್ಕಳು 10–12 ವರ್ಷದವರಾದಾಗ ಮತ್ತೆ ನೋಡಿತು. ಬಲ ಹೆಬ್ಬೆರಳು ಚೀಪಿದ್ದ 60 ಮಕ್ಕಳೂ ಬಲಗೈಯವರೇ. ಎಡದ್ದು ಚೀಪಿದ್ದ 15ರಲ್ಲಿ 10 ಮಂದಿ ಎಡಚರು. ತಟ್ಟೆ, ಪೆನ್ಸಿಲ್ ನೋಡುವ ಎಷ್ಟೋ ಮೊದಲೇ ಕೈಯ ಒಲವು ಶುರುವಾಗಿತ್ತು.

ಇನ್ನು ಎಡಚರಿಗೆ ಆಯಸ್ಸು ಕಡಿಮೆ ಎಂಬ ಮಾತು. ಇದು ಬಂದದ್ದು ಅಜ್ಜಿಯರ ಬಾಯಿಂದಲ್ಲ, ವಿಜ್ಞಾನಿಗಳಿಂದಲೇ. 1991ರಲ್ಲಿ ಹಾಲ್ಪರ್ನ್ ಮತ್ತು ಕೋರೆನ್ ಎಂಬಿಬ್ಬರು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ ಸುಮಾರು 1000 ಜನರ ಮನೆಯವರನ್ನು ವಿಚಾರಿಸಿದರು. ಸಾಯುವಾಗ ಬಲಗೈಯವರ ಸರಾಸರಿ ವಯಸ್ಸು 75, ಎಡಚರದು 66. ಒಂಬತ್ತು ವರ್ಷದ ವ್ಯತ್ಯಾಸ! ಎಡವಿದ್ದು ಎಲ್ಲಿ ಗೊತ್ತೇ? ಸತ್ತ ಮುದುಕರೆಲ್ಲ ಹುಟ್ಟಿದ್ದು 20ನೇ ಶತಮಾನದ ಆರಂಭದಲ್ಲಿ. ಆಗ ಶಾಲೆಗಳಲ್ಲಿ ಬೆತ್ತದ ಏಟು ಕೊಟ್ಟು ಬಲಗೈಯಲ್ಲೇ ಬರೆಸುತ್ತಿದ್ದರು. ಹಾಗಾಗಿ ಆ ಕಾಲದ ಎಷ್ಟೋ ಎಡಚರು ಲೆಕ್ಕದಲ್ಲಿ ಬಲಗೈಯವರಾಗಿಬಿಟ್ಟಿದ್ದರು. ಎಡಚರೆಂದು ಉಳಿದವರು ಹೆಚ್ಚಾಗಿ ಆಮೇಲೆ ಹುಟ್ಟಿದವರು. ಅಂಥವರಲ್ಲಿ ಸತ್ತವರು ಚಿಕ್ಕ ವಯಸ್ಸಿನವರೇ ಆಗಿರಬೇಕಲ್ಲ! ಈ ವರ್ಷ ತೀರಿಕೊಂಡವರಲ್ಲಿ ಇನ್‌ಸ್ಟಾಗ್ರಾಂ ಖಾತೆ ಇದ್ದವರ ಸರಾಸರಿ ವಯಸ್ಸು ತೆಗೆದು ನೋಡಿ. ಇನ್‌ಸ್ಟಾಗ್ರಾಂ ಆಯಸ್ಸು ತಿನ್ನುತ್ತದೆ ಎಂದು ಹೇಳಿಬಿಡಬಹುದು.

ಒಂದೇ ಮನುಷ್ಯನಲ್ಲೂ ಕೈ ಕೆಲಸ ನೋಡಿಕೊಂಡು ಬದಲಾಗುತ್ತದೆ. ಸಚಿನ್ ತೆಂಡೂಲ್ಕರ್ ಬರೆಯುವುದು ಎಡಗೈಯಲ್ಲಿ, ಬ್ಯಾಟ್ ಬೀಸಿದ್ದು ಬಲಗೈ ಆಟಗಾರನಾಗಿ. ಸೌರವ್ ಗಂಗೂಲಿಯದು ಇದರ ಉಲ್ಟಾ.

ಮರುವಾರ ಪುಟ್ಟಿಗೆ ಎಡಗೈ ಕತ್ತರಿ ತರಿಸಿದೆ. ಅಲಗುಗಳ ಜೋಡಣೆ ಅದರಲ್ಲಿ ತಿರುವುಮುರುವು. ಆನೆಯ ಸೊಂಡಿಲು ಗೆರೆ ತಪ್ಪದೆ ಕತ್ತರಿಸಿ ಬಂತು. "ಎಲ್ಲಿ ಕೊಡು ನೋಡೋಣ" ಅಂತ ಅಮ್ಮ ಬಲಗೈಯಲ್ಲಿ ಹಿಡಿದರು. ಕಚಕಚ ಅಂದಿತು. ಕಾಗದ ಮಡಚಿಕೊಂಡಿತು. ಅಮ್ಮ ಕತ್ತರಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಪುಟ್ಟಿ ಅಜ್ಜಿಯ ಹೆಬ್ಬೆರಳು ಹಿಡಿದು, "ಹೀಗಲ್ಲ ಅಜ್ಜಿ, ಒಳಗಡೆ ಎಳ್ಕೋಬೇಕು" ಅಂತ ತೋರಿಸಿಕೊಟ್ಟಳು.